ಕೆನ್ನೆಯ ಹಿಂದಿನ ಕಿಂಡಿ

ಮುಖದ ನರಶೂಲೆ ಬಂದವರು ಮೊದಲು ಹೋಗುವುದು ನರರೋಗ ತಜ್ಞರ ಹತ್ತಿರ ಅಲ್ಲ, ಹಲ್ಲಿನ ಡಾಕ್ಟರ ಹತ್ತಿರ. ನೋವು ಕಾಣಿಸಿಕೊಳ್ಳುವುದು ದವಡೆಯಲ್ಲಿ, ಒಸಡಿನ ಅಂಚಿನಲ್ಲಿ, ಮೇಲ್ದುಟಿಯ ಪಕ್ಕದಲ್ಲಿ. ಹಲ್ಲುಜ್ಜಿದರೆ ಬರುತ್ತದೆ, ಚಪಾತಿ ಅಗಿದರೆ ಬರುತ್ತದೆ. ಹಲ್ಲಿನದಲ್ಲದೆ ಇನ್ನೇನು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಶಿವಾಜಿನಗರದ ಗಲ್ಲಿಯೊಳಗಿನ ಕ್ಲಿನಿಕ್ಕಾಗಲಿ, ಇಂದಿರಾನಗರದ 100 ಅಡಿ ರಸ್ತೆಯ ದೊಡ್ಡ ದಂತಾಲಯವಾಗಲಿ, ಮುಂದಿನದು ಹೆಚ್ಚುಕಡಿಮೆ ಒಂದೇ ರೀತಿ ನಡೆಯಬಹುದು. ಅನುಮಾನ ಬಂದ ಹಲ್ಲಿಗೆ ರೂಟ್ ಕೆನಾಲ್ ಆಗುತ್ತದೆ, ಇಲ್ಲವೇ ಹಲ್ಲನ್ನೇ ಕೀಳುತ್ತಾರೆ. ಕೆಲವು ವಾರ ನೋವು ಸುಮ್ಮನಾಗುತ್ತದೆ. ಬಿಟ್ಟು ಬಿಟ್ಟು ಬರುವುದೇ ಈ ರೋಗದ ಗುಣ, ಹಲ್ಲು ಕಿತ್ತದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಆದರೆ ಆ ಬಿಡುವು ರೋಗಿಯ ಮನಸ್ಸಿನಲ್ಲೂ ವೈದ್ಯರ ಮನಸ್ಸಿನಲ್ಲೂ ಹಲ್ಲೇ ಕಾರಣವೆಂಬ ನಂಬಿಕೆಯನ್ನು ಗಟ್ಟಿ ಮಾಡುತ್ತದೆ. ನೋವು ಮರಳಿದಾಗ ಪಕ್ಕದ ಹಲ್ಲಿನ ಸರದಿ. ಒಂದು ಬದಿಯ ಗಟ್ಟಿ ಹಲ್ಲುಗಳನ್ನು ಕಳೆದುಕೊಂಡ ಮೇಲಷ್ಟೇ ಸರಿಯಾದ ಬಾಗಿಲು ತಟ್ಟಿದವರ ವರದಿಗಳು ಪ್ರಪಂಚದ ವೈದ್ಯಕೀಯ ಪತ್ರಿಕೆಗಳಲ್ಲೆಲ್ಲ ಇವೆ.

ಆದ್ದರಿಂದ ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ಗುರುತು ಹಿಡಿಯುವ ಮಾತು. ಹಲ್ಲಿನ ನೋವು ಮಿಡಿಯುತ್ತದೆ, ಗಂಟೆಗಟ್ಟಲೆ ಉಳಿಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ನರಶೂಲೆ ಹಾಗಲ್ಲ. ಕ್ಷಣಾರ್ಧದಿಂದ ಹೆಚ್ಚೆಂದರೆ ಎರಡು ನಿಮಿಷ, ಮುಖದ ಒಂದೇ ಬದಿಯಲ್ಲಿ ಕರೆಂಟ್ ಹೊಡೆದಂತೆ ಬಂದು, ಬಂದಷ್ಟೇ ಥಟ್ಟನೆ ಹೋಗುತ್ತದೆ. ಶಿವಾಜಿನಗರದಲ್ಲಿ ರೋಗಿ ದಖನಿಯಲ್ಲಿ ಹೇಳಲಿ, ತಮಿಳಿನಲ್ಲಿ ಹೇಳಲಿ, ಕನ್ನಡದಲ್ಲಿ ಹೇಳಲಿ, ಆ ಕರೆಂಟು ಮಾತಿನಲ್ಲಿ ಬಂದೇ ಬರುತ್ತದೆ. ಗಟ್ಟಿಯಾಗಿ ಒತ್ತಿದರೆ ಏನೂ ಆಗದಿರಬಹುದು; ಹಗುರವಾಗಿ ಸೋಕಿದರೆ ಹೊಡೆತ. ಮುಖ ತೊಳೆಯುವುದು, ಗಡ್ಡ ಕೆರೆಯುವುದು, ಕುಂಕುಮ ಇಡುವುದು, ಮಾತಾಡುವುದು, ಹಲಸೂರಿನ ಎತ್ತರದ ಮೆಟ್ರೊ ನಿಲ್ದಾಣದಲ್ಲಿ ರೈಲು ಬರುವಾಗ ಬೀಸುವ ಗಾಳಿ, ಬಸ್ಸಿನ ಕಿಟಕಿ, ಎಸಿಯ ತಂಪು, ಯಾವುದಾದರೂ ಸಾಕು. ನೋವೆಲ್ಲಿ ಎಂದು ಕೇಳಿದಾಗ ಹಲ್ಲುನೋವಿನವರು ಬೆರಳಿನಿಂದ ಹಲ್ಲನ್ನೇ ಒತ್ತಿ ತೋರಿಸುತ್ತಾರೆ. ನರಶೂಲೆಯವರ ಬೆರಳು ಕೆನ್ನೆಯಿಂದ ಒಂದಂಗುಲ ದೂರದಲ್ಲೇ ನಿಲ್ಲುತ್ತದೆ, ಮುಟ್ಟಲು ಧೈರ್ಯ ಸಾಲದು. ಇಷ್ಟನ್ನು ಗಮನಿಸಿದರೆ ಅರ್ಧ ರೋಗನಿರ್ಣಯ ಮುಗಿಯಿತು. ಕಂಟೋನ್ಮೆಂಟ್ ಭಾಗದ ದಂತವೈದ್ಯರ ಮೇಲೆ ನನಗೆ ಭರವಸೆ ಇರುವುದೂ ಇದೇ ಕಾರಣಕ್ಕೆ. ರೋಗಿಯನ್ನು ಮೊದಲು ನೋಡುವವರು ಅವರು. ಇಕ್ಕಳ ಕೈಗೆತ್ತಿಕೊಳ್ಳುವ ಮೊದಲು ಎರಡು ಪ್ರಶ್ನೆ ಕೇಳಬಲ್ಲವರೂ ಅವರೇ.

ಅಪರೂಪದ ರೋಗ, ನಿಜ. ಹೊರದೇಶದ ಅಧ್ಯಯನಗಳ ಪ್ರಕಾರ ವರ್ಷಕ್ಕೆ ಒಂದು ಲಕ್ಷ ಜನರಲ್ಲಿ 4ರಿಂದ 13 ಮಂದಿಗೆ ಹೊಸದಾಗಿ ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, 50 ದಾಟಿದವರಲ್ಲಿ ಹೆಚ್ಚು, ಎಡಕ್ಕಿಂತ ಬಲಗೆನ್ನೆಯಲ್ಲಿ ಹೆಚ್ಚು. ಕೋಟಿ ಮೀರಿದ ಬೆಂಗಳೂರಿಗೆ ಇದೇ ಲೆಕ್ಕ ಹಿಡಿದರೂ ವರ್ಷಕ್ಕೆ ನಾನೂರಕ್ಕೂ ಹೆಚ್ಚು ಮನೆಗಳ ಮಾತಾಯಿತು. ಸಲ್ಮಾನ್ ಖಾನ್ 2011ರಲ್ಲಿ ಅಮೆರಿಕಕ್ಕೆ ಹೋಗಿ ಇದಕ್ಕೆ ಚಿಕಿತ್ಸೆ ಪಡೆದ ಸುದ್ದಿ ಬಂದ ಮೇಲೆ ರೋಗದ ಹೆಸರು ಹಲವರ ಕಿವಿಗೆ ಬಿತ್ತು. ಜೊತೆಗೆ ‘ಆತ್ಮಹತ್ಯೆಯ ರೋಗ’ ಎಂಬ ಅಡ್ಡಹೆಸರೂ ಹರಡಿತು. ಆ ಹೆಸರನ್ನು ಯಾರೂ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಷ್ಟೊಂದು ಚಿಕಿತ್ಸೆಗಳಿರುವ ರೋಗಕ್ಕೆ ಅಂಥ ಹೆಸರಿಟ್ಟು ರೋಗಿಯ ಕಿವಿಯಲ್ಲಿ ಹೇಳುವುದು ಕ್ರೌರ್ಯ.

ನೋವಿನ ಈ ನರ ಮಿದುಳಿನಿಂದ ಹೊರಡುವ ಹನ್ನೆರಡು ಜೋಡಿ ನರಗಳಲ್ಲಿ ಐದನೆಯದು, ಟ್ರೈಜೆಮಿನಲ್. ಮಿದುಳಿನ ಕಾಂಡದಿಂದ ಹೊರಬಂದು, ತಲೆಬುರುಡೆಯ ತಳದಲ್ಲಿ ಮೆಕೆಲ್ಸ್ ಕೇವ್ ಎಂಬ ಪುಟ್ಟ ಗೂಡಿನಲ್ಲಿ ನರಗಂಟಾಗಿ ಉಬ್ಬಿ, ಅಲ್ಲಿಂದ ಮೂರು ಕವಲಾಗುತ್ತದೆ. ಒಂದು ಹಣೆ ಮತ್ತು ಕಣ್ಣಿಗೆ, ಇನ್ನೊಂದು ಕೆನ್ನೆ ಮತ್ತು ಮೇಲ್ದವಡೆಗೆ, ಮೂರನೆಯದು ಕೆಳದವಡೆಗೆ. ಮುಖದ ಸ್ಪರ್ಶವೆಲ್ಲ ಈ ದಾರಿಯಲ್ಲೇ ಮಿದುಳಿಗೆ ಹೋಗುತ್ತದೆ. ಅಗಿಯುವ ಸ್ನಾಯುಗಳಿಗೆ ಅಪ್ಪಣೆ ಬರುವುದೂ ಇಲ್ಲಿಂದಲೇ. ನರಶೂಲೆ ಹೆಚ್ಚಾಗಿ ಹಿಡಿಯುವುದು ಎರಡನೆಯ ಮತ್ತು ಮೂರನೆಯ ಕವಲನ್ನು. ಹಲ್ಲಿಗೆ ಹೋಗುವ ಎಳೆಗಳು ಇರುವುದೂ ಅವುಗಳಲ್ಲೇ.

ಯುರೋಪಿನ ವೈದ್ಯರು ಈ ನೋವನ್ನು ಬಹಳ ಹಿಂದೆಯೇ ಕಂಡಿದ್ದರು. ತತ್ತ್ವಜ್ಞಾನಿಯೆಂದು ಹೆಸರಾದ ಜಾನ್ ಲಾಕ್ ವೈದ್ಯನೂ ಆಗಿದ್ದ. 1677ರಲ್ಲಿ ಪ್ಯಾರಿಸ್ಸಿನಲ್ಲಿ ಇಂಗ್ಲೆಂಡಿನ ರಾಯಭಾರಿಯ ಹೆಂಡತಿಯ ಮುಖದಲ್ಲಿ ಇದನ್ನು ನೋಡಿ ಪತ್ರಗಳಲ್ಲಿ ವಿವರಿಸಿದ. 1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ, 1773ರಲ್ಲಿ ಲಂಡನ್ನಿನ ಜಾನ್ ಫೊದರ್‌ಗಿಲ್ ಇದರ ಸ್ಪಷ್ಟ ಚಿತ್ರ ಕೊಟ್ಟರು. ಆದರೆ ಕಾರಣ ಯಾರಿಗೂ ತಿಳಿದಿರಲಿಲ್ಲ. ಮುಖದ ಸ್ಪರ್ಶಕ್ಕೆ ಒಂದು ನರ, ಚಲನೆಗೆ ಇನ್ನೊಂದು ಎಂದು ಚಾರ್ಲ್ಸ್ ಬೆಲ್ 19ನೇ ಶತಮಾನದ ಮೊದಲರ್ಧದಲ್ಲಿ ತೋರಿಸಿಕೊಡುವವರೆಗೆ ಶಸ್ತ್ರವೈದ್ಯರು ತಪ್ಪು ನರವನ್ನು ಕತ್ತರಿಸಿ ಮುಖವನ್ನು ಸೊಟ್ಟ ಮಾಡಿದ್ದೂ ಉಂಟು. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಹೆಸರಿನಲ್ಲಿ ಕಂಟೋನ್ಮೆಂಟಿನ ಆಸ್ಪತ್ರೆ ಏಳುವ ಕಾಲಕ್ಕೆ ಯಾವುದೇ ನರಶೂಲೆಗೆ ವೈದ್ಯರ ಕೈಯಲ್ಲಿದ್ದದ್ದು ಮುಖ್ಯವಾಗಿ ಅಫೀಮು ಮತ್ತು ಕ್ವಿನೀನ್.

ಕಾರಣದ ಎಳೆ ಸಿಕ್ಕಿದ್ದು 20ನೇ ಶತಮಾನದಲ್ಲಿ. ಅಮೆರಿಕದ ಬಾಲ್ಟಿಮೋರಿನಲ್ಲಿ ವಾಲ್ಟರ್ ಡ್ಯಾಂಡಿ ಎಂಬ ಶಸ್ತ್ರಚಿಕಿತ್ಸಕ ನೋವು ತಡೆಯಲು ಈ ನರದ ಬುಡವನ್ನು ತಲೆಯ ಹಿಂಬದಿಯಿಂದ ತೆರೆದು ಕತ್ತರಿಸುತ್ತಿದ್ದ. ಹಾಗೆ ತೆರೆದಾಗ ಅನೇಕ ರೋಗಿಗಳಲ್ಲಿ ಒಂದು ರಕ್ತನಾಳ ನರದ ಬುಡಕ್ಕೆ ಒತ್ತಿಕೊಂಡಿರುವುದು ಕಣ್ಣಿಗೆ ಬಿತ್ತು. 1934ರಲ್ಲಿ ಅದನ್ನು ಬರೆದ. ಬರಿಗಣ್ಣಿನಿಂದ ನೋಡಿ ಹೇಳಿದ ಮಾತನ್ನು ಹೆಚ್ಚು ಜನ ಹಚ್ಚಿಕೊಳ್ಳಲಿಲ್ಲ. 1960ರ ದಶಕದ ನಡುವೆ ಲಾಸ್ ಏಂಜಲೀಸಿನಲ್ಲಿ ತರಬೇತಿಯಲ್ಲಿದ್ದ ಪೀಟರ್ ಜನೆಟ್ಟಾ ದಂತವೈದ್ಯಕೀಯ ವಿದ್ಯಾರ್ಥಿಗಳಿಗೆ ತೋರಿಸಲೆಂದು ತಲೆಯ ನರಗಳನ್ನು ಬಿಡಿಸುತ್ತಿದ್ದಾಗ, ಸೂಕ್ಷ್ಮದರ್ಶಕದಡಿ ಅದೇ ದೃಶ್ಯ ಕಂಡಿತು. ಹಲ್ಲಿನ ಕುರ್ಚಿಯಲ್ಲಿ ದಾರಿ ತಪ್ಪುವ ರೋಗದ ಗುಟ್ಟು ದಂತವಿದ್ಯಾರ್ಥಿಗಳ ಪಾಠಕ್ಕೆಂದು ತಯಾರಿ ಮಾಡುವಾಗಲೇ ಹೊರಬಿತ್ತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಬಾವಿಯ ಅಂಚಿನ ಕಲ್ಲಿನ ಮೇಲೆ ಹಗ್ಗ ವರ್ಷಗಟ್ಟಲೆ ಓಡಾಡಿ ಜಾಡು ಕೊರೆಯುವುದನ್ನು ನಾವು ನೋಡಿದ್ದೇವೆ. ಇಲ್ಲಿ ನಡೆಯುವುದೂ ಅಂಥದ್ದೇ. ವಯಸ್ಸಾದಂತೆ ಅಪಧಮನಿಗಳು ಉದ್ದವಾಗಿ ಬಾಗುತ್ತವೆ. ಕಿರುಮಿದುಳಿನ ಮೇಲ್ಭಾಗಕ್ಕೆ ಹೋಗುವ ಅಪಧಮನಿಯ ಕುಣಿಕೆಯೊಂದು ಕೆಳಗಿಳಿದು ನರದ ಬುಡಕ್ಕೆ ತಾಗುತ್ತದೆ. ಪ್ರತಿ ನಾಡಿಬಡಿತಕ್ಕೂ ಒಂದು ಸಣ್ಣ ಗುದ್ದು. ನರದ ಎಳೆಗಳನ್ನು ಸುತ್ತಿಕೊಂಡಿರುವ ಮಯಲಿನ್ ಪೊರೆ ಆ ಜಾಗದಲ್ಲಿ ಸವೆಯುತ್ತದೆ. ಪೊರೆ ಹೋದ ಎಳೆಗಳಲ್ಲಿ ಸ್ಪರ್ಶದ ಸಂಕೇತ ಪಕ್ಕದ ನೋವಿನ ಎಳೆಗೆ ಹಾರುತ್ತದೆ. ಒಂದು ಸಂಕೇತ ನೂರಾಗುತ್ತದೆ. ಕುಂಕುಮದ ಬೆರಳು ಮಿಂಚಾಗುವುದು ಹೀಗೆ.

ಆದರೆ ವಿಷಯ ಇಷ್ಟು ನೇರವಲ್ಲ. ಯಾವ ನೋವೂ ಇಲ್ಲದ ಅನೇಕರಲ್ಲಿ ರಕ್ತನಾಳ ಇದೇ ನರಕ್ಕೆ ತಾಗಿಕೊಂಡಿರುತ್ತದೆ. ನೋವಿರುವ ಕೆಲವರಲ್ಲಿ, ಅದರಲ್ಲೂ ಚಿಕ್ಕ ವಯಸ್ಸಿನ ಹೆಂಗಸರಲ್ಲಿ, ನಾಳದ ಒತ್ತಡವೇ ಕಾಣುವುದಿಲ್ಲ. ಇನ್ನು ಕೆಲವರಲ್ಲಿ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ರೋಗ ಮಯಲಿನ್ ಪೊರೆಯನ್ನು ಒಳಗಿನಿಂದಲೇ ಹಾಳುಮಾಡಿರುತ್ತದೆ. ಅಪರೂಪಕ್ಕೆ ನರದ ಪಕ್ಕ ಗಡ್ಡೆ ಬೆಳೆದಿರುತ್ತದೆ. ಎರಡೂ ಬದಿಯಲ್ಲಿ ನೋವು ಬಂದರೆ, ಮುಖದ ಒಂದು ಭಾಗ ಮರಗಟ್ಟಿದ್ದರೆ, ರೋಗಿ ಎಳೆಯ ವಯಸ್ಸಿನವರಾಗಿದ್ದರೆ ಈ ಅನುಮಾನ ಬಲವಾಗಬೇಕು. ಆದ್ದರಿಂದ ನರಶೂಲೆ ಎಂದು ಗೊತ್ತಾದ ಪ್ರತಿಯೊಬ್ಬರಿಗೂ ಒಂದು ಎಂಆರ್‌ಐ ಆಗಬೇಕು, ಅದೂ ನರದ ಬುಡವನ್ನು ತೆಳುಪದರಗಳಲ್ಲಿ ತೋರಿಸುವ ವಿಶೇಷ ಬಗೆಯದು. ತಲೆನೋವಿಗೆಂದು ಮಾಡುವ ಮಾಮೂಲಿ ಸ್ಕ್ಯಾನ್ ‘ನಾರ್ಮಲ್’ ಎಂದು ಬಂದರೆ ಏನೂ ಇಲ್ಲ ಎಂದಲ್ಲ. ನೋಡಬೇಕಾದ ಜಾಗವನ್ನು ನೋಡಿಯೇ ಇಲ್ಲದಿರಬಹುದು.

ಕತ್ತಿ ಎತ್ತುವ ಮೊದಲು ಮಾತ್ರೆ. 1953ರಲ್ಲಿ ಸ್ವಿಟ್ಜರ್‌ಲೆಂಡಿನ ಗೈಗಿ ಕಂಪನಿಯಲ್ಲಿ ಹುಟ್ಟಿದ ಕಾರ್ಬಮಜೆಪೀನ್ ಈ ನೋವನ್ನು ತಡೆಯುತ್ತದೆಂದು ಸ್ವೀಡನ್ನಿನ ವೈದ್ಯ ಬ್ಲೂಮ್ 1962ರಲ್ಲಿ ವರದಿ ಮಾಡಿದರು. ಇಂದಿಗೂ ಮೊದಲ ಔಷಧಿ ಅದೇ. ಟೆಗ್ರೆಟಾಲ್, ಮೆಜೆಟಾಲ್ ಎಂಬ ಹೆಸರಿನ ಪಟ್ಟಿಗಳು ಯಾವ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತವೆ, ಬೆಲೆಯೂ ಕಡಿಮೆ. ಮಾಮೂಲಿ ನೋವಿನ ಮಾತ್ರೆಗೆ ಜಗ್ಗದ ಹೊಡೆತ ಇದಕ್ಕೆ ತಗ್ಗುತ್ತದೆ; ತಗ್ಗಿತೆಂಬುದೇ ರೋಗನಿರ್ಣಯಕ್ಕೆ ಒಂದು ಬೆಂಬಲ. ತೊಂದರೆ ಬರುವುದು ಮುಂದೆ. ವರ್ಷ ಕಳೆದಂತೆ ಪ್ರಮಾಣ ಏರಿಸಬೇಕಾಗುತ್ತದೆ. ತಲೆ ಸುತ್ತು, ಮಂಪರು, ನಡೆಯುವಾಗ ತೂರಾಟ. ವಯಸ್ಸಾದವರಲ್ಲಿ ರಕ್ತದ ಸೋಡಿಯಂ ಇಳಿದು ಗೊಂದಲ. ಅಪರೂಪಕ್ಕೆ ಚರ್ಮ ಸುಲಿಯುವಂಥ ಗಂಭೀರ ಅಲರ್ಜಿ. ಏಷ್ಯಾದ ಕೆಲವು ಜನವರ್ಗಗಳಲ್ಲಿ ಇದು ಒಂದು ವಂಶವಾಹಿಯೊಂದಿಗೆ ತಳುಕು ಹಾಕಿಕೊಂಡಿದೆ. ಮಾತ್ರೆ ಶುರುಮಾಡಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮಾತ್ರೆ ಸಾಲದಾದಾಗ ಅಥವಾ ಸಹಿಸಲಾಗದಾದಾಗ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಆಪರೇಷನ್ನುಗಳ ಹೆಸರುಗಳನ್ನು ಕೇಳಿ ರೋಗಿಗಳು ಗಾಬರಿಯಾಗುತ್ತಾರೆ. ಅವನ್ನೆಲ್ಲ ಒಂದೇ ಪ್ರಶ್ನೆಯಿಂದ ಬೇರ್ಪಡಿಸಬಹುದು: ಈ ಚಿಕಿತ್ಸೆ ನನ್ನ ನರವನ್ನು ಉಳಿಸುತ್ತದೆಯೋ, ಗಾಯಗೊಳಿಸುತ್ತದೆಯೋ? ಉಳಿಸುವುದು ಒಂದೇ ಒಂದು. ಉಳಿದವೆಲ್ಲ, ಸೂಜಿಯಿರಲಿ, ಬಲೂನಿರಲಿ, ವಿಕಿರಣವಿರಲಿ, ನರಕ್ಕೆ ಅಳತೆ ಮಾಡಿ ಗಾಯ ಮಾಡುತ್ತವೆ. ನೋವಿನ ಜೊತೆ ಸ್ವಲ್ಪ ಸ್ಪರ್ಶವನ್ನೂ ಒಯ್ಯುತ್ತವೆ. ಗಾಯ ಮಾಡುವುದೆಂದ ಮಾತ್ರಕ್ಕೆ ಕೀಳೆಂದಲ್ಲ. ಆದರೆ ಸಹಿ ಹಾಕುವ ಮೊದಲು ರೋಗಿಗೆ ಈ ವ್ಯತ್ಯಾಸ ತಮ್ಮ ಭಾಷೆಯಲ್ಲಿ ತಿಳಿದಿರಬೇಕು. ಈ ಅಧ್ಯಾಯ ಬರೆಯುತ್ತಿರುವುದೇ ಅದಕ್ಕಾಗಿ.

ಉಳಿಸುವ ಆಪರೇಷನ್ನಿನ ಹೆಸರು ಮೈಕ್ರೊವಾಸ್ಕ್ಯುಲರ್ ಡಿಕಂಪ್ರೆಷನ್, ಆಸ್ಪತ್ರೆಯ ಮಾತಿನಲ್ಲಿ ಎಂವಿಡಿ. ಜನೆಟ್ಟಾ ಬೆಳೆಸಿದ ವಿಧಾನ. ಪೂರ್ತಿ ಅರಿವಳಿಕೆ ಕೊಟ್ಟು, ರೋಗಿಯನ್ನು ಪಕ್ಕಕ್ಕೆ ಮಲಗಿಸಿ, ನೋವಿನ ಬದಿಯ ಕಿವಿಯ ಹಿಂದೆ ಎರಡು ಮೂರು ಸೆಂಟಿಮೀಟರ್ ಅಗಲದ ಕಿಟಕಿಯನ್ನು ಮೂಳೆಯಲ್ಲಿ ತೆರೆಯುತ್ತಾರೆ. ಮಿದುಳಿನ ಹೊರಪೊರೆ ಬಿಡಿಸಿ, ಸುತ್ತಲಿನ ದ್ರವವನ್ನು ನಿಧಾನವಾಗಿ ಹೊರಬಿಟ್ಟರೆ ಕಿರುಮಿದುಳು ತಾನಾಗಿ ಸ್ವಲ್ಪ ಜರುಗಿ ದಾರಿ ಬಿಡುತ್ತದೆ. ಸೂಕ್ಷ್ಮದರ್ಶಕದ ಬೆಳಕಿನಲ್ಲಿ, ಶ್ರವಣದ ಮತ್ತು ಮುಖಚಲನೆಯ ನರಗಳನ್ನು ದಾಟಿ ಇನ್ನಷ್ಟು ಆಳಕ್ಕೆ ಹೋದಾಗ ಬೆಳ್ಳಗಿನ ಐದನೆಯ ನರ ಕಾಣುತ್ತದೆ. ಅದರ ಬುಡದಲ್ಲಿ ಮಿಡಿಯುವ ಅಪಧಮನಿ. ಕೆಲವೊಮ್ಮೆ ನರದ ಮೇಲೆ ಅದು ಕೊರೆದ ತಗ್ಗೂ ಕಾಣುತ್ತದೆ. ಅಪಧಮನಿಯನ್ನು ಕತ್ತರಿಸುವಂತಿಲ್ಲ, ಅದು ಮಿದುಳಿಗೆ ರಕ್ತ ಒಯ್ಯುವ ನಾಳ. ಅದನ್ನು ಬಿಡಿಸಿ, ಎತ್ತಿ, ನರಕ್ಕೂ ಅದಕ್ಕೂ ನಡುವೆ ಟೆಫ್ಲಾನ್ ನಾರಿನ ಸಣ್ಣ ಉಂಡೆಯನ್ನಿಡುತ್ತಾರೆ. ಅಷ್ಟೇ ಕೆಲಸ. ನರವನ್ನು ಕೊಯ್ಯುವುದಿಲ್ಲ, ಸುಡುವುದಿಲ್ಲ. ಎಷ್ಟೋ ಮಂದಿಗೆ ಅರಿವಳಿಕೆಯಿಂದ ಎಚ್ಚರವಾಗುವಾಗಲೇ ಹೊಡೆತ ನಿಂತಿರುತ್ತದೆ.

ಜನೆಟ್ಟಾ ಅವರ ಪಿಟ್ಸ್‌ಬರ್ಗ್ ತಂಡ 1996ರಲ್ಲಿ ಪ್ರಕಟಿಸಿದ 1,185 ರೋಗಿಗಳ ಲೆಕ್ಕ ಇಂದಿಗೂ ಎಲ್ಲರೂ ಎತ್ತಿ ಹೇಳುವಂಥದ್ದು. ಹತ್ತು ವರ್ಷದ ನಂತರವೂ ಶೇಕಡ 70 ಮಂದಿಗೆ ಮಾತ್ರೆಯ ಹಂಗಿಲ್ಲದ ಪರಿಹಾರ ಉಳಿದಿತ್ತು. ಇಬ್ಬರು ಆಪರೇಷನ್ನಿನ ಬೆನ್ನಲ್ಲೇ ತೀರಿಕೊಂಡರು. ಒಬ್ಬರಿಗೆ ಮಿದುಳುಕಾಂಡಕ್ಕೆ ರಕ್ತ ಹೋಗುವುದು ನಿಂತು ಹಾನಿಯಾಯಿತು. 16 ಮಂದಿ ಆ ಬದಿಯ ಕಿವಿಯ ಕೇಳ್ಮೆ ಕಳೆದುಕೊಂಡರು. ಈ ಅಂಕಿಗಳನ್ನು ಎರಡೂ ಕಡೆಯಿಂದ ಓದಬೇಕು. ಇಷ್ಟು ದೀರ್ಘಕಾಲದ ಬಿಡುಗಡೆಯನ್ನು ಇನ್ನಾವ ವಿಧಾನವೂ ಕೊಡುವುದಿಲ್ಲ. ಹಾಗೆಯೇ ಇದು ತಲೆಬುರುಡೆ ತೆರೆಯುವ ಆಪರೇಷನ್, ಅಪಾಯ ಸಣ್ಣದಾದರೂ ಸೊನ್ನೆಯಲ್ಲ. ಮೇಲಾಗಿ ಆ ಫಲಿತಾಂಶ ನೂರಾರು ಬಾರಿ ಅದನ್ನೇ ಮಾಡಿದ ಕೈಗಳದ್ದು. “ನೀವು ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ, ಎಷ್ಟು ಮಂದಿಗೆ ಕಿವಿ ಹೋಗಿದೆ?” ಎಂದು ಶಸ್ತ್ರಚಿಕಿತ್ಸಕರನ್ನು ಕೇಳುವುದು ಅವಿನಯವಲ್ಲ. ಒಳ್ಳೆಯ ಶಸ್ತ್ರಚಿಕಿತ್ಸಕರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಈಗ ಕಿಂಡಿಯ ಕಥೆ. ತಲೆಬುರುಡೆಯ ತಳದಲ್ಲಿ, ಕೆನ್ನೆಯ ಹಿಂದೆ ಆಳದಲ್ಲಿ ಮೊಟ್ಟೆಯಾಕಾರದ ಒಂದು ರಂಧ್ರವಿದೆ, ಫೊರಾಮೆನ್ ಒವೇಲ್. ಕೆಳದವಡೆಯ ಕವಲು ಹೊರಬರುವ ದಾರಿ. ತುಟಿಯ ಅಂಚಿನಿಂದ ಸುಮಾರು ಎರಡೂವರೆ ಸೆಂಟಿಮೀಟರ್ ಪಕ್ಕದಲ್ಲಿ ಸೂಜಿ ಚುಚ್ಚಿ, ಬಾಯೊಳಗೆ ತೂತಾಗದಂತೆ ಕೆನ್ನೆಯ ಮಾಂಸದಲ್ಲೇ ಮೇಲಕ್ಕೆ ಸಾಗಿಸಿದರೆ ಈ ಕಿಂಡಿಯ ಮೂಲಕ ನೇರ ನರಗಂಟಿಗೆ ತಲುಪಬಹುದೆಂದು ಜರ್ಮನಿಯ ಫ್ರಿಟ್ಜ್ ಹಾರ್ಟೆಲ್ ಮೊದಲನೆಯ ಮಹಾಯುದ್ಧದ ಹೊತ್ತಿಗೆ ತೋರಿಸಿಕೊಟ್ಟಿದ್ದ. ತಲೆಬುರುಡೆಯನ್ನು ಒಡೆಯದೆ ಮಿದುಳಿನ ಹೊಸ್ತಿಲಿಗೆ ಹೋಗುವ ದಾರಿ ಅದು.

ಬೆಂಗಳೂರು ಈ ಕಿಂಡಿಯನ್ನು ಇನ್ನೊಂದು ಕೆಲಸಕ್ಕೆ ಬಳಸಿ ಹೆಸರು ಮಾಡಿತು. 1958ರಲ್ಲಿ ಇಲ್ಲಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ನರಶಸ್ತ್ರಚಿಕಿತ್ಸೆಯ ಕೆಲಸ ಶುರುಮಾಡಿದ ಡಾ. ಆರ್. ಮಾರ್ತಾಂಡ ವರ್ಮ ಮಾವೇಲಿಕ್ಕರದಿಂದ ಬಂದವರು. ಅದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆದಾಗ ಅದರ ಚುಕ್ಕಾಣಿ ಹಿಡಿದವರು. ಪಾರ್ಕಿನ್ಸನ್ ರೋಗದ ನಡುಕ ನಿಲ್ಲಿಸಲು ಮಿದುಳಿನಾಳದ ಥಲಮಸ್ಸನ್ನು ಮುಟ್ಟಬೇಕಿತ್ತು. ಬೇರೆಡೆ ಅದಕ್ಕಾಗಿ ನೆತ್ತಿಯ ಕಡೆಯಿಂದ ಬುರುಡೆ ಕೊರೆಯುತ್ತಿದ್ದರು. ವರ್ಮ ಸೂಜಿಯನ್ನು ಕೆನ್ನೆಯಿಂದ, ಫೊರಾಮೆನ್ ಒವೇಲ್ ಮೂಲಕ, ಕೆಳಗಿನಿಂದ ಮೇಲಕ್ಕೆ ಒಯ್ದರು. ವೈದ್ಯಸಾಹಿತ್ಯದಲ್ಲಿ ಅದಕ್ಕೆ ವರ್ಮ ತಂತ್ರವೆಂದೇ ಹೆಸರು. 1972ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2015ರಲ್ಲಿ ತೀರಿಕೊಂಡರು. ಪಾರ್ಕಿನ್ಸನ್ನಿಗೆ ಇಂದು ಬೇರೆ ವಿಧಾನಗಳಿವೆ, ಆ ತಂತ್ರ ಚರಿತ್ರೆಗೆ ಸೇರಿದೆ. ಆದರೂ ಕೆನ್ನೆಗೆ ಸೂಜಿ ಎಂದೊಡನೆ ಹೆದರುವ ರೋಗಿಗೆ ನಾನು ಇದನ್ನು ಹೇಳಬಯಸುತ್ತೇನೆ: ಈ ದಾರಿ ನಿಮ್ಮೂರಿನ ವೈದ್ಯರಿಗೆ ಅರವತ್ತು ವರ್ಷಗಳಿಂದ ಪರಿಚಿತ, ನಿಮ್ಮ ನರಶೂಲೆಗೆ ಸೂಜಿ ಹೋಗಬೇಕಾದ್ದು ಆ ಕಿಂಡಿಯ ಆಚೆ ಬದಿಯವರೆಗಷ್ಟೇ.

ಕಿಂಡಿ ದಾಟಿದ ಮೇಲೆ ಏನು ಮಾಡುತ್ತಾರೆಂಬುದರಲ್ಲಿ ಮೂರು ಬಗೆ. ಮೊದಲನೆಯದು ಬಿಸಿ. ಸೂಜಿಯ ತುದಿಯ ಎಲೆಕ್ಟ್ರೋಡಿನಿಂದ ರೇಡಿಯೊ ತರಂಗ ಹಾಯಿಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ನೋವಿನ ಎಳೆಗಳನ್ನು ಸುಡುವುದು. 1974ರಲ್ಲಿ ಸ್ವೀಟ್ ಮತ್ತು ವೆಪ್ಸಿಕ್ ಇದಕ್ಕೆ ಇಂದಿನ ರೂಪ ಕೊಟ್ಟರು. ನಡುವೆ ರೋಗಿಯನ್ನು ಎಬ್ಬಿಸಿ, ಸಣ್ಣ ವಿದ್ಯುತ್ ಕೊಟ್ಟು, “ಜುಮ್ಮೆನ್ನುವುದು ಎಲ್ಲಿ, ತುಟಿಯಲ್ಲೋ ಕಣ್ಣಿನ ಹತ್ತಿರವೋ?” ಎಂದು ಕೇಳುತ್ತಾರೆ. ರೋಗಿಯ ಉತ್ತರವೇ ಸೂಜಿಗೆ ದಾರಿ ತೋರುತ್ತದೆ. ಹಾಗಾಗಿ ಕೇಳುವವರಿಗೂ ಹೇಳುವವರಿಗೂ ಒಂದೇ ಭಾಷೆ ಬರುವುದು ಇಲ್ಲಿ ಸೌಜನ್ಯದ ಮಾತಲ್ಲ, ಚಿಕಿತ್ಸೆಯ ಅಂಗ. ನಾಲ್ಕು ಭಾಷೆ ಆಡುವ ಶಿವಾಜಿನಗರದಿಂದ ಬಂದ ಅಜ್ಜಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಸುಡಬಾರದ ಎಳೆ ಸುಟ್ಟೀತು.

ಎರಡನೆಯದು ಗ್ಲಿಸರಾಲ್, ಅಕಸ್ಮಾತ್ತಾಗಿ ಸಿಕ್ಕಿದ್ದು. ಸ್ಟಾಕ್‌ಹೋಮಿನಲ್ಲಿ ವಿಕಿರಣ ಚಿಕಿತ್ಸೆಗೆಂದು ನರಗಂಟಿನ ಜಾಗವನ್ನು ಎಕ್ಸ್-ರೇಯಲ್ಲಿ ಗುರುತಿಸಲು ಟ್ಯಾಂಟಲಮ್ ಪುಡಿಯನ್ನು ಗ್ಲಿಸರಾಲಿನಲ್ಲಿ ಕಲಸಿ ಚುಚ್ಚುತ್ತಿದ್ದರು. ವಿಕಿರಣ ಕೊಡುವ ಮೊದಲೇ ನೋವು ನಿಂತಿತು. ಕೆಲಸ ಮಾಡಿದ್ದು ಕಲಸುವ ದ್ರವ ಎಂದು ಸ್ಟೆನ್ ಹಾಕನ್ಸನ್ ಕಂಡುಕೊಂಡು 1981ರಲ್ಲಿ ಪ್ರಕಟಿಸಿದರು.

ಮೂರನೆಯದು 1983ರಲ್ಲಿ ಮುಲ್ಲನ್ ಮತ್ತು ಲಿಕ್ಟರ್ ವಿವರಿಸಿದ ಬಲೂನು. ಅರಿವಳಿಕೆಯಲ್ಲಿ, ಕಿಂಡಿಯ ಮೂಲಕ ಪುಟ್ಟ ಬಲೂನನ್ನು ಮೆಕೆಲ್ಸ್ ಕೇವ್‌ನೊಳಗೆ ತೂರಿಸಿ ಒಂದು ಮಿಲಿಲೀಟರಿಗಿಂತ ಕಡಿಮೆ ದ್ರವದಿಂದ ಉಬ್ಬಿಸಿ, ನಿಮಿಷದ ಆಸುಪಾಸು ಹಾಗೇ ಇಟ್ಟು ತೆಗೆಯುತ್ತಾರೆ. ಎಕ್ಸ್-ರೇಯಲ್ಲಿ ಬಲೂನು ಪೇರ್ ಹಣ್ಣಿನ ಆಕಾರಕ್ಕೆ ಬಂದರೆ ಜಾಗ ಸರಿಯಾಗಿದೆಯೆಂದು ಅರ್ಥ. ಉಬ್ಬಿಸುವಾಗ ಹೃದಯಬಡಿತ ಥಟ್ಟನೆ ಇಳಿಯಬಹುದು, ಅರಿವಳಿಕೆ ತಜ್ಞರು ಅದಕ್ಕೆ ಸಿದ್ಧವಾಗಿಯೇ ಇರುತ್ತಾರೆ. ಕಣ್ಣಿನ ಕವಲಿನ ನೋವಿಗೆ ಬಲೂನು ಒಳ್ಳೆಯ ಆಯ್ಕೆ. ಕಾರ್ನಿಯದ ಸಂವೇದನೆಯನ್ನು ಅದು ಬಿಸಿಗಿಂತ ಹೆಚ್ಚಾಗಿ ಉಳಿಸುತ್ತದೆ.

ಮೂರೂ ಬೇಗ ಫಲ ಕೊಡುತ್ತವೆ, ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು, ಎಂವಿಡಿ ತಾಳಲಾರದ ವೃದ್ಧರಿಗೂ ಮಲ್ಟಿಪಲ್ ಸ್ಕ್ಲಿರೋಸಿಸ್ ಇರುವವರಿಗೂ ಇವೇ ದಾರಿ. ಬೆಲೆಯಾಗಿ ಕೆನ್ನೆ, ತುಟಿ ಸ್ವಲ್ಪ ಮರಗಟ್ಟುತ್ತವೆ. ಕೆಲವು ವರ್ಷಗಳಲ್ಲಿ ಅನೇಕರಿಗೆ ನೋವು ಮರಳುತ್ತದೆ. ಮತ್ತೆ ಮಾಡಿಸಬಹುದು, ಆದರೆ ಪ್ರತಿ ಸಲವೂ ಮರಗಟ್ಟುವಿಕೆ ಹೆಚ್ಚುತ್ತದೆ. ಮರಗಟ್ಟಿದ ಮುಖದಲ್ಲೇ ಬಿಡದೆ ಉರಿಯುವ ನೋವು ಹುಟ್ಟುವುದೂ ಉಂಟು, ಅಪರೂಪ, ಆದರೆ ಅದಕ್ಕೆ ಮದ್ದು ಬಹಳ ಕಷ್ಟ. ಕಣ್ಣು ಮರಗಟ್ಟಿದರೆ ಧೂಳು ಬಿದ್ದದ್ದೂ ತಿಳಿಯುವುದಿಲ್ಲ. ಕೆ.ಆರ್. ಪುರದ ಮೇಲುಸೇತುವೆಯ ಧೂಳಿನಲ್ಲಿ ದಿನಾ ಬೈಕ್ ಓಡಿಸುವವರಿಗೆ ಇದು ಸಣ್ಣ ಮಾತಲ್ಲ. ಕನ್ನಡಕವಿಲ್ಲದೆ ಹೊರಡಬಾರದು, ಕಣ್ಣು ಕೆಂಪಾದರೆ ನೋವಿಲ್ಲವೆಂದು ಸುಮ್ಮನಿರಬಾರದು.

ಇನ್ನು ವಿಕಿರಣದ ದಾರಿ. ಗಾಮಾ ನೈಫ್‌ನಲ್ಲಿ ಚಾಕುವೇ ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಯಂತ್ರ. ಈಗಿನ ಮಾದರಿಯಲ್ಲಿ 192 ಕೋಬಾಲ್ಟ್ ಮೂಲಗಳ ಸಣ್ಣ ಕಿರಣಗಳು ನರದ ಬುಡದ ಒಂದೇ ಬಿಂದುವಿನಲ್ಲಿ ಸೇರಿ ಒಂದೇ ಸಲಕ್ಕೆ 70ರಿಂದ 90 ಗ್ರೇ ವಿಕಿರಣ ಕೊಡುತ್ತವೆ. ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯವಿದೆ. ರಕ್ತ ತೆಳುವಾಗಿಸುವ ಮಾತ್ರೆ ನಿಲ್ಲಿಸಲಾಗದ ಹೃದ್ರೋಗಿಗಳಿಗೆ ಇದು ದೊಡ್ಡ ವರ. ಫಲ ಮಾತ್ರ ತಡ, ವಾರಗಳಿಂದ ತಿಂಗಳುಗಳು. ನೀರು ಕುಡಿಯಲೂ ಆಗದೆ ಒದ್ದಾಡುವವರು ಅಷ್ಟು ಕಾಯಲಾರರು.

ಇನ್ನೊಂದು ಆಪರೇಷನ್ನಿದೆ, ನಮ್ಮ ದೇಶದ ದಂತವೈದ್ಯಕೀಯ ಕಾಲೇಜುಗಳಲ್ಲಿ ಮಾಡುವಂಥದ್ದು. ದವಡೆಯ ಹೊರಗೆ, ಕಣ್ಣಿನ ಕೆಳಗೆ ಅಥವಾ ಗಲ್ಲದ ಹತ್ತಿರ ನರದ ಕವಲನ್ನು ಹಿಡಿದು ತುಂಡರಿಸುವುದು. ಬಾಯಿಯ ಭಾಗವಷ್ಟೇ ಮರಗಟ್ಟುವ ಅರಿವಳಿಕೆ ಸಾಕು, ಖರ್ಚು ಬಹಳ ಕಡಿಮೆ. ನರ ಮತ್ತೆ ಚಿಗುರುವುದರಿಂದ ಒಂದೆರಡು ವರ್ಷಗಳಲ್ಲೇ ನೋವು ಮರಳುವುದು ಸಾಮಾನ್ಯ. ದೊಡ್ಡ ಆಸ್ಪತ್ರೆಗೆ ಹೋಗಲಾರದ, ಬೇರೆ ದಾರಿಯಿಲ್ಲದ ವೃದ್ಧರಿಗೆ ಅದು ಕೊಡುವ ಬಿಡುವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಐವತ್ತೈದರ ಆರೋಗ್ಯವಂತ ಹೆಂಗಸಿಗೆ, ಎಂಆರ್‌ಐ ಕೂಡ ಮಾಡಿಸದೆ, ಇದನ್ನೇ ಮೊದಲ ಆಯ್ಕೆಯಾಗಿ ಕೊಡುವುದನ್ನು ಒಪ್ಪಲಾರೆ. ಎಂವಿಡಿಯಿಂದ ಹತ್ತಾರು ವರ್ಷ ನೆಮ್ಮದಿಯಾಗಿ ಇರಬಹುದಾದವರು ಅವರು.

ಹೋಗುವ ದಾರಿಗಳು ಹತ್ತಿರದಲ್ಲೇ ಇವೆ. ಒಂದು ಕಾಲಕ್ಕೆ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿಯುವುದು ಈ ಭಾಗದ ತಮಿಳು, ಆಂಗ್ಲೋ-ಇಂಡಿಯನ್ ಮನೆಗಳಿಗೆ ರೂಢಿ; ಭಾರತದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗವನ್ನು ಡಾ. ಜೇಕಬ್ ಚಾಂಡಿ 1949ರಲ್ಲಿ ತೆರೆದದ್ದು ವೆಲ್ಲೂರಿನ ಸಿಎಂಸಿಯಲ್ಲಿ. ಈಗ ಬಂಗಾರಪೇಟೆ, ಮಾಲೂರಿನಿಂದ ರೈಲಿನಲ್ಲಿ ಬಂದವರು ಕೃಷ್ಣರಾಜಪುರದಲ್ಲಿ ಇಳಿದು ನೇರಳೆ ಮೆಟ್ರೊ ಹತ್ತಿದರೆ ಸತ್ಯಸಾಯಿ ಆಸ್ಪತ್ರೆಯ ಹೆಸರಿನದೇ ನಿಲ್ದಾಣವಿದೆ. 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಶುರುವಾದ ಆ ಆಸ್ಪತ್ರೆಯ ನರಶಸ್ತ್ರಚಿಕಿತ್ಸಾ ವಿಭಾಗ ಹಣ ತೆಗೆದುಕೊಳ್ಳುವುದಿಲ್ಲ. ಹಳೇ ವಿಮಾನ ನಿಲ್ದಾಣದ ರಸ್ತೆಯಲ್ಲಿ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ, ಸೇನೆಯವರಿಗೆ ಕಮಾಂಡ್ ಆಸ್ಪತ್ರೆಯಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಬಿಪಿಎಲ್ ಕಾರ್ಡಿನವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ತಮ್ಮ ಚಿಕಿತ್ಸೆ ಬರುತ್ತದೆಯೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಕೇಳಬೇಕು.

ಹೋಗುವಾಗ ಹಿಡಿದುಕೊಳ್ಳಬೇಕಾದದ್ದು ಎಂಆರ್‌ಐ ಚಿತ್ರಗಳು, ಇದುವರೆಗೆ ತೆಗೆದುಕೊಂಡ ಮಾತ್ರೆಗಳ ಪ್ರಮಾಣ, ರಕ್ತದ ಸೋಡಿಯಂ ವರದಿ, ಕೀಳಿಸಿದ ಹಲ್ಲುಗಳ ವಿವರ. ಆಪರೇಷನ್ ಗೆದ್ದಿತೆಂದು ಮಾತ್ರೆಯನ್ನು ಮರುದಿನವೇ ಬಿಡುವಂತಿಲ್ಲ. ವರ್ಷಗಟ್ಟಲೆ ನುಂಗಿದ ಕಾರ್ಬಮಜೆಪೀನನ್ನು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತಾರೆ. ನೋವು ಮರಳಿದರೆ ದಾರಿ ಮುಗಿಯಿತೆಂದಲ್ಲ. ಮತ್ತೆ ಎಂಆರ್‌ಐ ನೋಡಿ, ಟೆಫ್ಲಾನ್ ಜರುಗಿದೆಯೇ, ಹೊಸ ನಾಳ ತಾಗಿದೆಯೇ ಎಂದು ಪರೀಕ್ಷಿಸಿ, ಎರಡನೆಯ ಸಲ ಕಿವಿಯ ಹಿಂದೆ ತೆರೆಯಬಹುದು. ಮೊದಲು ಎಂವಿಡಿ ಆದವರಿಗೆ ಕೆನ್ನೆಯ ಕಿಂಡಿಯಿಂದ ಬಲೂನು ಹಾಕಬಹುದು, ಮೊದಲು ಬಲೂನು ಆದವರಿಗೆ ಎಂವಿಡಿ ಮಾಡಬಹುದು. ಆ ಎರಡನೆಯ ಸಲಕ್ಕೆ ಮೊದಲನೆಯ ಆಪರೇಷನ್ನಿನ ಡಿಸ್ಚಾರ್ಜ್ ಸಾರಾಂಶ ಬೇಕೇ ಬೇಕು. ಯಾವ ನಾಳ ಸಿಕ್ಕಿತ್ತು, ಏನು ಇಟ್ಟರು, ಎಷ್ಟು ಹೊತ್ತು ಬಲೂನು ಉಬ್ಬಿಸಿದ್ದರು ಎಂಬುದು ಬರೆದಿರುವುದು ಅದೊಂದರಲ್ಲೇ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಪತ್ರದ ಜೊತೆ ಇಟ್ಟುಕೊಳ್ಳಿ.